ಆ ಜನವರಿಯ ರಾತ್ರಿಯನ್ನು ನೀವು ಬರೆದಿಲ್ಲ

ಪ್ರಿಯ ಮಿತ್ರರೇ,

ನಮಸ್ಕಾರ. ದಿಯೆನ್ ಬಿಯೆನ್ ಫು ಕದನವನ್ನು ಕುರಿತ ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನೂ ಅದರೊಂದಿಗಿದ್ದ ಪತ್ರವನ್ನೂ ಓದಿದೆ. ವಿಯೆಟ್ನಾಮಿನ ಯುದ್ಧ ಕನ್ನಡಿಗರಿಗೆ ಏಕೆ ಬೇಕು ಎಂದು ಪ್ರಕಾಶಕರೊಬ್ಬರು ಕೇಳಿದ್ದಕ್ಕೆ ನೀವು ಬರವಣಿಗೆಯನ್ನೇ ಬಿಟ್ಟುಬಿಡುವ ಮಾತನ್ನಾಡಿದ್ದೀರಿ. ಅದನ್ನು ಓದಿ ನೋವಾಯಿತು, ಸಿಟ್ಟೂ ಬಂತು. ಭತ್ತದ ಗದ್ದೆಗಳಿಂದ ಬಂದ ರೈತರ ಸೇನೆಯೊಂದು ಫ್ರಾನ್ಸಿನಂಥ ಯುರೋಪಿನ ಸಾಮ್ರಾಜ್ಯವನ್ನು ನೇರ ಕದನದಲ್ಲಿ ಶರಣಾಗಿಸಿದ ಕಥೆ ಪರರ ಆಳ್ವಿಕೆಯನ್ನು ಉಂಡ ನಾಡಿಗೆ ಬೇಡವಾಗುವುದು ಹೇಗೆ? ಅಧ್ಯಾಯಗಳ ಉದ್ದ, ಕಾಗುಣಿತ, ಪ್ರಕಾಶಕರನ್ನು ಒಪ್ಪಿಸುವ ಬಗೆ ಇವುಗಳ ಬಗ್ಗೆ ನಾನು ಹೇಳಹೋಗುವುದಿಲ್ಲ. ಅವನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ನನ್ನ ತಕರಾರು ಒಂದೇ. ಗೆಲುವು ತಮ್ಮದೇ ಎಂಬುದು ನಿಮ್ಮ ಪಾತ್ರಗಳಿಗೆ ಮೊದಲ ಪುಟದಿಂದಲೇ ಗೊತ್ತಿದೆ.

ನೀವು ಕಥೆಯನ್ನು 1954ರ ಮಾರ್ಚ್ 13ರ ಸಂಜೆ ಫಿರಂಗಿಗಳ ಗುಡುಗಿನಿಂದ ಆರಂಭಿಸಿ ಮೇ 7ರ ಬಾವುಟದೊಂದಿಗೆ ಮುಗಿಸಿದ್ದೀರಿ. ನಡುವೆ ಒಬ್ಬನೇ ಒಬ್ಬ ಸೈನಿಕನೂ ಅನುಮಾನಪಡುವುದಿಲ್ಲ. ಆದರೆ ಆ ಯುದ್ಧದ ತಿರುವು ಮೊದಲ ಗುಂಡು ಹಾರುವುದಕ್ಕೆ ಆರೇಳು ವಾರ ಮುಂಚೆ, ಜನವರಿ 25ರ ರಾತ್ರಿಗೂ 26ರ ಬೆಳಗಿಗೂ ನಡುವೆ, ನಿದ್ದೆಯಿಲ್ಲದ ಒಬ್ಬ ಮನುಷ್ಯನ ಮನಸ್ಸಿನಲ್ಲಿ ನಡೆಯಿತು.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1953ರ ನವೆಂಬರ್ 20ರಂದು ಫ್ರೆಂಚ್ ಪ್ಯಾರಾಟ್ರೂಪರುಗಳು ದಿಯೆನ್ ಬಿಯೆನ್ ಫು ಕಣಿವೆಗೆ ಇಳಿದರು. ಫ್ರೆಂಚ್ ಸೇನಾಪತಿ ನವಾರ್ ಅವರನ್ನು ನೀವು ಮೂರ್ಖರೆಂಬಂತೆ ಚಿತ್ರಿಸಿದ್ದೀರಿ, ಅದು ಅನ್ಯಾಯ. ಅದಕ್ಕೆ ಒಂದು ವರ್ಷದ ಹಿಂದೆ ನಾ ಸಾನ್ ಎಂಬಲ್ಲಿ ಇಂಥದೇ ಕೋಟೆ ಶಿಬಿರಕ್ಕೆ ನುಗ್ಗಿದ, ಹೋ ಚಿ ಮಿನ್ ನಾಯಕತ್ವದ ವಿಯೆಟ್ ಮಿನ್ ಸೇನೆ ಅಪಾರ ಸಾವುನೋವು ಉಂಡು ಹಿಂದೆ ಸರಿದಿತ್ತು. ವಿಮಾನದಿಂದ ಪೂರೈಕೆ ನಡೆಯುವ ಶಿಬಿರವನ್ನು ಬೆಟ್ಟದ ನಡುವೆ ಸ್ಥಾಪಿಸಿದರೆ ಶತ್ರು ಬಂದು ತಲೆ ಚಚ್ಚಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರಕ್ಕೆ ಅವರ ಬಳಿ ಸಾಕ್ಷ್ಯವಿತ್ತು. ಅದೇ ನಾ ಸಾನ್ ವಿಯೆಟ್ ಮಿನ್ ಪಡೆಯ ವೊ ನ್ಗುಯೆನ್ ಗಿಯಾಪ್ ಅವರ ಮನಸ್ಸಿನಲ್ಲೂ ಇತ್ತು. ಹನೋಯ್‌ನಲ್ಲಿ ಇತಿಹಾಸದ ಮೇಷ್ಟರಾಗಿದ್ದು ಸೇನಾಪತಿಯಾದ ಈ ಮನುಷ್ಯನ ಮುಂದೆ ಒಂದು ಯೋಜನೆ ಸಿದ್ಧವಾಗಿತ್ತು: ವೇಗವಾಗಿ ನುಗ್ಗಿ, ಎರಡು ಮೂರು ದಿನಗಳಲ್ಲೇ ಮುಗಿಸಿಬಿಡುವುದು. ಚೀನಾದ ಸಲಹೆಗಾರರು ಅದರ ಪರವಾಗಿದ್ದರು, ಸ್ವಂತ ಅಧಿಕಾರಿಗಳು ಉತ್ಸಾಹದಲ್ಲಿದ್ದರು, ಎರಡು ಟನ್ನಿಗೂ ಹೆಚ್ಚು ತೂಗುವ ಫಿರಂಗಿಗಳನ್ನು ಸೈನಿಕರು ಹಗ್ಗ ಕಟ್ಟಿ ಕೈಯಿಂದಲೇ ಬೆಟ್ಟ ಹತ್ತಿಸಿದ್ದರು. 25ಕ್ಕೆ ನಿಗದಿಯಾಗಿದ್ದ ದಾಳಿ ಒಂದು ದಿನ ಮುಂದಕ್ಕೆ ಹೋಗಿತ್ತು, ಅಷ್ಟೇ. ಗೆಲ್ಲುವುದು ಖಚಿತವಾದರೆ ಮಾತ್ರ ಹೋರಾಡು ಎಂದು ಹೋ ಚಿ ಮಿನ್ ಹೇಳಿ ಕಳುಹಿಸಿದ್ದರು. ತಲೆನೋವಿಗೆ ಹಣೆಯ ಮೇಲೆ ಔಷಧಿ ಸೊಪ್ಪು ಕಟ್ಟಿಸಿಕೊಂಡು ಆ ರಾತ್ರಿ ಕಳೆದ ಗಿಯಾಪ್, ಬೆಳಗ್ಗೆ ಎಲ್ಲರ ಅಭಿಪ್ರಾಯಕ್ಕೆ ವಿರುದ್ಧವಾಗಿ ದಾಳಿಯನ್ನು ನಿಲ್ಲಿಸಿ, ಫಿರಂಗಿಗಳನ್ನು ಹಿಂದಕ್ಕೆ ಎಳೆಸಿದರು. ತಮ್ಮ ಸೇನಾ ಜೀವನದಲ್ಲೇ ಅತ್ಯಂತ ಕಠಿಣವಾದ ತೀರ್ಮಾನ ಅದೆಂದು ಮುಂದೆ ಅವರೇ ಬರೆದರು.

ಇಷ್ಟು ದೊಡ್ಡ ಘಟನೆ ನಿಮ್ಮ ಹಸ್ತಪ್ರತಿಯಲ್ಲಿ ಒಂದು ಸಾಲಿನಲ್ಲಿ ಮುಗಿದಿದೆ! ಏಕೆಂದು ನನಗೆ ಅರ್ಥವಾಗುತ್ತದೆ. ಹಿಂದೆ ಸರಿಯುವ ನಾಯಕ ಓದುಗರಿಗೆ ಹಿಡಿಸುವುದಿಲ್ಲವೆಂದು ನಿಮಗೆ ಭಯ. ನಾನು ಹಿಂದೆ ಇದೇ ಕದನದ ಬಗ್ಗೆ ಒಂದು ಲೇಖನ ಬರೆದಾಗ ಸಂಪಾದಕರೊಬ್ಬರು ಫಿರಂಗಿ ಹಿಂದಕ್ಕೆಳೆದ ಭಾಗವನ್ನು ನನ್ನನ್ನು ಕೇಳದೆ ಕತ್ತರಿಸಿ, ಆಮೇಲೆ ಸಭೆಯೊಂದರಲ್ಲಿ ಅದೇ ಲೇಖನದ ‘ಓಟ’ವನ್ನು ಬಾಯಿತುಂಬ ಹೊಗಳಿದರು. ಆ ಹೊಗಳಿಕೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಿಮ್ಮ ವಿಷಯದಲ್ಲಿ ಕತ್ತರಿ ಹಿಡಿದವರು ನೀವೇ, ಅದು ನನಗೆ ಇನ್ನೂ ಹೆಚ್ಚಿನ ಸಂಕಟ.

ಹಗ್ಗ ಹಿಡಿದವನ ಕಡೆಯಿಂದ ಒಮ್ಮೆ ಯೋಚಿಸಿ. ರಾತ್ರಿಯಿಡೀ ಮೈಯೆಲ್ಲ ನೋವಾಗುವಂತೆ ಎಳೆದು ಮೇಲಕ್ಕೇರಿಸಿದ್ದನ್ನು, ಗುಂಡೊಂದನ್ನೂ ಹಾರಿಸದೆ, ಕಾರಣವನ್ನೂ ಪೂರ್ತಿ ಕೇಳದೆ, ಅದೇ ದಾರಿಯಲ್ಲಿ ಮತ್ತೆ ಇಳಿಸಬೇಕು. ಸೈನಿಕ ತೋ ವಿನ್ ದಿಯೆನ್ ಜಾರುತ್ತಿದ್ದ ಫಿರಂಗಿಯ ಚಕ್ರಕ್ಕೆ ಮೈಯೊಡ್ಡಿ ಪ್ರಾಣಬಿಟ್ಟದ್ದನ್ನು ನೀವು ಬಹಳ ಸೊಗಸಾಗಿ ಬರೆದಿದ್ದೀರಿ. ಆ ಪುಟಗಳಲ್ಲಿ ನಿಮ್ಮ ಕೈ ನಿಜವಾದ ಬರಹಗಾರನ ಕೈ. ಆದರೆ ಆತ ಸತ್ತದ್ದು ಫಿರಂಗಿಯನ್ನು ಮೇಲಕ್ಕೆಳೆಯುವಾಗಲ್ಲ, ಹಿಂದಕ್ಕೆ ತರುವಾಗ. ನೀವು ಅದನ್ನು ಮುನ್ನುಗ್ಗುವ ದೃಶ್ಯವನ್ನಾಗಿ ಬದಲಿಸಿದ್ದೀರಿ. ಹಾಗೆ ಬದಲಿಸಿದ ಕೂಡಲೇ ಆ ಸಾವಿನ ತೂಕವೇ ಹೋಯಿತು.

ಉಳಿದ ಕಡೆಗಳಲ್ಲೂ ಇದೇ ಆಗಿದೆ. ಸುಮಾರು 2,60,000 ಹೊರೆಯಾಳುಗಳು, ಒಂದೊಂದರ ಮೇಲೆ 200 ಕಿಲೋಗೂ ಹೆಚ್ಚು ಹೇರಿದ ಸೈಕಲ್ಲುಗಳು, ಎಲ್ಲವೂ ನಿಮ್ಮಲ್ಲಿವೆ. ಆದರೆ ಆ ಹೆಂಗಸರು ಗಂಡಸರು ನಿಮ್ಮ ಪುಟಗಳಲ್ಲಿ ದೇಶಭಕ್ತಿಯೊಂದರಿಂದಲೇ ನಡೆಯುತ್ತಾರೆ. 1953ರ ಡಿಸೆಂಬರಿನಲ್ಲಿ ಭೂಸುಧಾರಣೆಯ ಕಾನೂನು ಬಂದಿತ್ತು ಎಂಬುದನ್ನು ಎಲ್ಲಿಯೂ ಹೇಳಿಲ್ಲ. ಉಳುವ ನೆಲ ತನ್ನದಾದೀತೆಂಬ ಆಸೆಯಿಂದ ಅಕ್ಕಿ ಹೊತ್ತವನು ಕಡಿಮೆ ದೇಶಭಕ್ತನೇನಲ್ಲ. ಏಪ್ರಿಲ್ ಹೊತ್ತಿಗೆ ಕಂದಕಗಳಲ್ಲಿ ದಣಿವೂ ಹಿಂಜರಿಕೆಯೂ ಹರಡಿ, ಸೈನಿಕರ ಮನೋಬಲವನ್ನು ಮತ್ತೆ ಕಟ್ಟುವುದಕ್ಕೆ ಕಮ್ಯುನಿಸ್ಟ್ ಪಕ್ಷ ವಿಶೇಷ ಅಭಿಯಾನವನ್ನೇ ನಡೆಸಬೇಕಾಯಿತು. ಗೆದ್ದ ಸೇನಾಪತಿಯೇ ಇದನ್ನು ಒಪ್ಪಿ ಬರೆದಿರುವಾಗ ನಿಮಗೇಕೆ ಸಂಕೋಚ?

ಎದುರುಪಾಳಯದಲ್ಲಿ ಫ್ರೆಂಚ್ ಫಿರಂಗಿದಳದ ಮುಖ್ಯಸ್ಥ ಪಿರೊತ್ ಇದ್ದರು. ಶತ್ರುವಿನ ಫಿರಂಗಿಗಳನ್ನು ಬಾಯಿ ಮುಚ್ಚಿಸುತ್ತೇನೆಂದು ಮಾತು ಕೊಟ್ಟಿದ್ದ ಅವರು, ಬೆಟ್ಟದೊಳಗೆ ಕೊರೆದು ಅಡಗಿಸಿದ್ದ ಆ ಫಿರಂಗಿಗಳನ್ನು ಹುಡುಕಲಾಗದೆ, ಕದನ ಶುರುವಾದ ಎರಡೇ ದಿನಕ್ಕೆ ಕೈಬಾಂಬಿನಿಂದ ಜೀವ ಕಳೆದುಕೊಂಡರು. ಅವರನ್ನು ನೀವು ನಗೆಪಾಟಲು ಮಾಡಿದ್ದೀರಿ. ದಯವಿಟ್ಟು ಆ ಪುಟವನ್ನು ಹರಿದುಹಾಕಿ. ಫ್ರೆಂಚ್ ಪಾಳಯದಿಂದ ಸೆರೆಯಾದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಫ್ರೆಂಚ್ ಲೆಕ್ಕದಂತೆ ಹಿಂದಿರುಗಿದವರು ಸುಮಾರು ಮೂರು ಸಾವಿರ. ಗೆದ್ದವರ ಪಕ್ಷದಲ್ಲಿ ನಿಂತು ಬರೆಯುವವನು ಇದನ್ನೂ ಬರೆಯಬೇಕು. ಅವರಲ್ಲಿ ಅಲ್ಜೀರಿಯದವರೂ ಮೊರಾಕ್ಕೊದವರೂ ಇದ್ದರು, ಫ್ರೆಂಚರ ಪರವಾಗಿ ಹೋರಾಡಿದ ವಿಯೆಟ್ನಾಮೀಯರೂ ಇದ್ದರು. ಫ್ರೆಂಚ್ ಶಿಬಿರದ ಗೇಬ್ರಿಯೆಲ್ ಗುಡ್ಡವನ್ನು ಕಾಯ್ದು ಸತ್ತವರು ಅಲ್ಜೀರಿಯದ ಸೈನಿಕರು. ಅದೇ ವರ್ಷದ ನವೆಂಬರ್ 1ರಂದು ಅವರ ನಾಡು ಅದೇ ಫ್ರಾನ್ಸಿನ ವಿರುದ್ಧ ದಂಗೆಯೆದ್ದಿತು. ನಿಮ್ಮ ಕಾದಂಬರಿಯಲ್ಲಿ ಅಲ್ಜೀರಿಯದವನೊಬ್ಬ ಒಂದು ಕಡೆ ಬರುತ್ತಾನೆ, ಮಾತನಾಡದೆ ಸಾಯುತ್ತಾನೆ. ಅವನಿಗೆ ಮಾತು ಕೊಡಿ.

ಕೊನೆಯ ಅಧ್ಯಾಯದ ಬಾವುಟವನ್ನು ನಾನು ಒಪ್ಪಲಾರೆ. ಜಗತ್ತೆಲ್ಲ ನೋಡಿದ ಆ ದೃಶ್ಯ, ಕದನ ಮುಗಿದ ಮೇಲೆ ಬಂದ ಸೋವಿಯತ್ ಛಾಯಾಗ್ರಾಹಕನ ಕ್ಯಾಮೆರಾಕ್ಕಾಗಿ ಮತ್ತೆ ನಟಿಸಿ ತೋರಿಸಿದ್ದು. ಮೇ 7ರ ಮರುದಿನವೇ ಜಿನೀವಾದಲ್ಲಿ ಇಂಡೋಚೀನಾದ ಮಾತುಕತೆ ಆರಂಭವಾಗಿ, ಜುಲೈ ಹೊತ್ತಿಗೆ ದೇಶ 17ನೆಯ ಅಕ್ಷಾಂಶದಲ್ಲಿ ಎರಡಾಯಿತು. ಆ ಒಪ್ಪಂದದ ಉಸ್ತುವಾರಿಗೆ ರಚನೆಯಾದ ಆಯೋಗದ ಅಧ್ಯಕ್ಷತೆ ಭಾರತದ್ದು. ನಿಮ್ಮ ಸೈನಿಕನಿಗೆ ಮೇ 7ರಂದು ಇದಾವುದೂ ಗೊತ್ತಿರಬಾರದು, ಆದರೆ ನಿಮಗೆ ಗೊತ್ತಿರಬೇಕು.

ಇಡೀ ಕಾದಂಬರಿಯನ್ನು ತಿದ್ದಲು ಈಗಲೇ ಕೂರಬೇಡಿ. ಜನವರಿಯ ಅಧ್ಯಾಯವನ್ನು ಮೊದಲು ಬರೆಯಿರಿ, ಅದೊಂದನ್ನೇ ಕಳುಹಿಸಿ. ಪ್ರಕಾಶಕರ ಮಾತಿಗೆ ಉತ್ತರ ಬರೆಯುವ ಗೋಜಿಗೆ ಹೋಗಬೇಡಿ.

ನಿಮ್ಮ ಹಿತೈಷಿ