ನಮ್ಮ ಮನೆ ಹೊತ್ತು ತಂದವರಿಗೆ

ಕಳೆದ ವಾರ ನಮ್ಮ ಮನೆಯ ಗೃಹಪ್ರವೇಶ ಆಯಿತು. ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರ ಮುಖ ನೋಡಿದಾಗಲೂ ಒಂದೊಂದು ಸಾಮಾನು ನೆನಪಾಗುತ್ತಿತ್ತು. ಇವರು ಕಿಟಕಿ ಹೊತ್ತವರು. ಇವರು ನೀರಿನ ಟ್ಯಾಂಕ್ ತಂದವರು. ಬಡಿಸುವ ಗಡಿಬಿಡಿಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದಾರೆ, ಹಾಕುವುದಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡ. ತುಮರಿಯಿಂದ ಒಳಗೆ ಬಂದರೆ ಒಂದು ಕಡೆ ಮಣ್ಣಿನ ರಸ್ತೆ ಮುಗಿಯುತ್ತದೆ. ಅಲ್ಲಿಂದ ಒಂದೂಕಾಲು ಕಿಲೋಮೀಟರ್ ಕಾಲುದಾರಿ. ಮಧ್ಯೆ ಹಳ್ಳ, ಹಳ್ಳ ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಅದನ್ನು ದಾಟಿ ಗುಡ್ಡ ಹತ್ತಿದರೆ ನಮ್ಮ ಒಂಟಿ ಮನೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಹೊಳೆ ಏರಿ ಬಂದಾಗ ಅಜ್ಜ ಕೆಳಗಿನ ಮನೆ ಬಿಚ್ಚಿ, ತೊಲೆ, ಬಾಗಿಲು ಎಲ್ಲ ಹೊರಿಸಿಕೊಂಡು ಇಲ್ಲಿಗೆ ಬಂದವರು. ಅವರು ಕಟ್ಟಿದ ಮಣ್ಣಿನ ಗೋಡೆ ಅಷ್ಟು ವರ್ಷದ ಮಳೆ ತಡೆಯಿತು. 2024ರ ಜುಲೈ ಮಳೆಗೆ ತಡೆಯಲಿಲ್ಲ. ಅಮ್ಮ ಅಡುಗೆಮನೆಯಿಂದ ಆಚೆ ಬಂದು ಐದು ನಿಮಿಷ ಆಗಿತ್ತಷ್ಟೆ, ಹಿಂದಿನ ಗೋಡೆ ಕೂತುಬಿಟ್ಟಿತು.

ಆ ರಾತ್ರಿ ಟಾರ್ಚ್ ಹಿಡಿದು ಬಂದು ನಮ್ಮನ್ನು ಕರೆದುಕೊಂಡು ಹೋದದ್ದು ಹಳ್ಳದಾಚೆಯ ಮನೆಯವರು. ಎರಡು ಮಳೆಗಾಲ ಅವರ ಮನೆಯಲ್ಲೇ ಇದ್ದೆವು. ಒಂದು ದಿನವೂ ಆ ಅತ್ತಿಗೆ "ಮನೆ ಕೆಲಸ ಎಲ್ಲಿಗೆ ಬಂತು?" ಎಂದು ಕೇಳಲಿಲ್ಲ. ಕೇಳಿದರೆ ನಮಗೆ ನೋವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಕೆಲಸ ಶುರು ಮಾಡಿದೆವು. ಆಗ ಹಿನ್ನೀರಿಗೆ ಸೇತುವೆ ಇನ್ನೂ ಆಗಿರಲಿಲ್ಲ. ಸಿಮೆಂಟು, ಕಬ್ಬಿಣ ಎಲ್ಲ ಸಾಗರದಿಂದ ಅಂಬಾರಗೋಡ್ಲು ದಡದ ಹೊಳೆಬಾಗಿಲಿಗೆ ಬಂದು, ಗಾಡಿ ಸಮೇತ ದಾಟಿಸುವ ಲಾಂಚ್ ಹತ್ತಬೇಕಿತ್ತು. ಪಿಕಪ್‌ನಲ್ಲಿ ಒಂದು ಸಲಕ್ಕೆ 30 ಮೂಟೆ ಸಿಮೆಂಟು, ಅಂದರೆ ಒಂದೂವರೆ ಟನ್. ಸಿಗಂದೂರಿಗೆ ಹೋಗುವವರ ಕಾರುಗಳ ಸಾಲು ಇದ್ದ ದಿನ ಅರ್ಧ ಹಗಲು ದಡದಲ್ಲೇ ಕಳೆಯಿತು. ಪಿಕಪ್ ಓಡಿಸುವ ಅಣ್ಣ ಕಾದದ್ದಕ್ಕೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಒಂದು ಸಂಜೆ ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ಕೊನೆಯ ಲಾಂಚ್ ತಪ್ಪಿತು. ಮೋಡ ಬೇರೆ ಕವಿದಿತ್ತು. ಅಂಬಾರಗೋಡ್ಲು ದಡದ ಅಂಗಡಿಯವರು ತಮ್ಮ ಅಂಗಡಿಗೆ ಕಟ್ಟಿದ್ದ ಟಾರ್ಪಾಲನ್ನೇ ಬಿಚ್ಚಿ ಸಿಮೆಂಟಿನ ಮೇಲೆ ಹೊದಿಸಿದರು. ರಾತ್ರಿ ಮಳೆ ಬಂತು. ಒಂದು ಮೂಟೆಯೂ ನೆನೆಯಲಿಲ್ಲ.

ಆದರೆ ನಾನು ಹೆಚ್ಚು ಹೇಳಬೇಕಾದದ್ದು ರಸ್ತೆ ಮುಗಿದ ಮೇಲಿನ ಆ ಒಂದೂಕಾಲು ಕಿಲೋಮೀಟರ್ ಬಗ್ಗೆ.

ಜಂಬಿಟ್ಟಿಗೆ ಕಲ್ಲು ಒಂದೊಂದು 30 ಕೆಜಿ ಹತ್ತಿರ. ನಮಗೆ ಬೇಕಾದದ್ದು 1,600. ತಲೆ ಮೇಲೆ ಸಿಂಬೆ, ಅದರ ಮೇಲೆ ಒಂದೇ ಕಲ್ಲು. ಬೆಳಗಿನಿಂದ ಸಂಜೆವರೆಗೆ ಒಬ್ಬರು ಎಂಟು ಸಲ ಹೋಗಿ ಬಂದರೆ ಅದೇ ದೊಡ್ಡದು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಯಾವ ಮನೆಯಲ್ಲೂ ಆಳು ಸಿಗುವುದಿಲ್ಲ. ಆದರೂ ಸರದಿ ಮಾಡಿಕೊಂಡು ಬಂದರು. ಕೆಲವರು ಕೂಲಿಗೆ ಬಂದರು, ಕೆಲವರು ಮುಯ್ಯಾಳಾಗಿ ಬಂದರು. ಮುಯ್ಯಿ ತೀರಿಸಲು ಈ ವರ್ಷ ನಾನು ಅವರ ತೋಟಕ್ಕೆ ಹೋಗುತ್ತಿದ್ದೇನೆ. ಇನ್ನೂ ಬಾಕಿ ಇದೆ, ಮರೆತಿಲ್ಲ.

ಹೊರುವವರಲ್ಲಿ ಎಲ್ಲರಿಗಿಂತ ದೊಡ್ಡವರಾದ ಅಕ್ಕ ಮೊದಲ ದಿನವೇ ಒಂದು ಮಾತು ಹೇಳಿದರು: "ಸಂಕದ ಮೇಲೆ ಐವತ್ತು ಕೆಜಿ ಮೂಟೆ ಬೇಡ. ಎರಡು ಮಾಡಿ." ಮೂಟೆ ಬಿಚ್ಚಿದರೆ ಸಿಮೆಂಟು ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ ಎಂದು ಮೇಸ್ತ್ರಿಗೆ ಚಿಂತೆ. ಅದಕ್ಕೂ ಅಕ್ಕನೇ ದಾರಿ ಹುಡುಕಿದರು. ದಿನಾ ಸಂಜೆ ಮೇಸ್ತ್ರಿಯನ್ನು ಕೇಳುವುದು, ನಾಳೆಗೆ ಎಷ್ಟು ಬೇಕೋ ಅಷ್ಟನ್ನೇ ಬೆಳಿಗ್ಗೆ ಬಿಚ್ಚಿ ಹೊರುವುದು. ಉಳಿದದ್ದು ರಸ್ತೆ ಪಕ್ಕದ ಮನೆಯವರ ಅಡಿಕೆ ಸುಲಿಯುವ ಚಪ್ಪರದಲ್ಲಿ ಹಲಗೆಯ ಮೇಲೆ ತೇವ ತಾಗದೆ ಇತ್ತು. ಎರಡು ಬೇಸಿಗೆಯಲ್ಲಿ ಯಾರೂ ಸಂಕದಿಂದ ಬೀಳಲಿಲ್ಲ. ಇದಕ್ಕೆ ಕಾರಣ ಆ ಅಕ್ಕ.

ಕಬ್ಬಿಣದ ಕಥೆ ಬೇರೆ. 12 ಎಂಎಂ ಸರಳು 40 ಅಡಿ ಉದ್ದ ಬರುತ್ತದೆ. ತೂಕ ಹನ್ನೊಂದು ಕೆಜಿಯೂ ಇಲ್ಲ. ಆದರೆ ತೋಟದ ತಿರುವಿನಲ್ಲಿ ಅಷ್ಟುದ್ದ ತಿರುಗುವುದೇ ಇಲ್ಲ. ಅರ್ಧ ಕತ್ತರಿಸಬಹುದು, ಆದರೆ ಜೋಡಿಸುವಾಗ ಒಂದರ ಮೇಲೊಂದು ಎರಡಡಿ ಬರಬೇಕು, ಕಬ್ಬಿಣ ಜಾಸ್ತಿ ಬೇಕಾಗುತ್ತದೆ. ಕಬ್ಬಿಣ ಕಟ್ಟುವ ಹುಡುಗರು ಇದನ್ನೆಲ್ಲ ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ನನಗೆ ತಿಳಿಸಿದರು. ಕೊನೆಗೆ ಆದಷ್ಟು ಇಡೀ ಸರಳನ್ನೇ ತರುವುದು ಎಂದು ಅವರೇ ಹಟ ಹಿಡಿದರು. ತೋಟದ ತಿರುವು ಬಿಟ್ಟು ಹಳ್ಳದಲ್ಲೇ, ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಜನ ಸಾಲಾಗಿ, ಹೆಗಲ ಮೇಲೆ ಸರಳಿನ ಕಟ್ಟು. ಮುಂದಿನವನು "ಎಡಕ್ಕೆ" ಎಂದು ಕೂಗಿದರೆ ಹಿಂದಿನ ಮೂವರೂ ಒಟ್ಟಿಗೆ ಬಾಗುತ್ತಿದ್ದರು. ಉಳಿಸಿದ ದುಡ್ಡು ನಮ್ಮದು. ಹೆಗಲು ಅವರದು.

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2.44 ಕಿಲೋಮೀಟರ್. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ನಡು ಸೇತುವೆಯಲ್ಲಿ ಇಳಿದು ಕೆಳಗಿನ ನೀರನ್ನು ತುಂಬಾ ಹೊತ್ತು ನೋಡಿದರು. ಅವರ ಊರು ಅದರಡಿಯೇ ಇದೆ, ಅಲ್ವಾ. ಎರಡನೇ ಬೇಸಿಗೆಯ ಸಾಮಾನೆಲ್ಲ ಸೇತುವೆ ಮೇಲೇ ಬಂತು. ಲಾಂಚಿನ ಕಾಯುವಿಕೆ ಇಲ್ಲ. ಅಷ್ಟು ವರ್ಷ ನಮ್ಮನ್ನು, ನಮ್ಮ ರೋಗಿಗಳನ್ನು, ನಮ್ಮ ಮದುವೆ ದಿಬ್ಬಣಗಳನ್ನು ದಾಟಿಸಿದ ಲಾಂಚಿನವರಿಗೂ ಇಲ್ಲೇ ಕೈ ಮುಗಿಯುತ್ತೇನೆ.

ಹೆಂಚು 1,300. ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗ ಹುಡುಗಿಯರು ಶುಕ್ರವಾರ ರಾತ್ರಿ ಬಸ್ ಹತ್ತಿ ಬಂದರು. ಹಳ್ಳದಿಂದ ಮೇಲಿನ ಏರಿನಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಭಾನುವಾರ ರಾತ್ರಿ ವಾಪಸ್, ಸೋಮವಾರ ಆಫೀಸು. ಒಡೆದದ್ದು ಬರೀ ಏಳು ಹೆಂಚು.

ಆಚಾರಿಯವರಿಗೂ ಒಂದು ಮಾತು. ಅಜ್ಜ ಮುಳುಗಡೆ ಮನೆಯಿಂದ ತಂದ ಬಾಗಿಲು, ಅದರ ಚೌಕಟ್ಟಾದ ದಾರಂದ ಎರಡೂ ಗೋಡೆ ಕುಸಿದಾಗ ಉಳಿದಿದ್ದವು. ಹೊಸ ಗೋಡೆಯ ಅಳತೆಗೆ ಅವು ಕೂರುತ್ತಿರಲಿಲ್ಲ. ಆಚಾರಿ ದಾರಂದಕ್ಕೆ ಉಳಿ ಮುಟ್ಟಿಸಲಿಲ್ಲ. ಮೇಸ್ತ್ರಿಗೆ ಹೇಳಿ ಗೋಡೆಯನ್ನೇ ಎರಡಿಂಚು ಸರಿಸಿದರು. ಗೃಹಪ್ರವೇಶದ ದಿನ ಅಮ್ಮ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾ ಆ ಮರವನ್ನು ಸವರಿ ಸವರಿ ನೋಡುತ್ತಿದ್ದರು.

ಮಳೆ ಹಿಡಿಯುವ ಮೊದಲು ಎಲ್ಲರೂ ಇನ್ನೊಂದು ಸಲ ಬನ್ನಿ. ರಸ್ತೆ ಮುಗಿಯುವಲ್ಲಿ ಒಂದು ಕೂಗು ಹಾಕಿ, ಇಳಿದು ಬರುತ್ತೇನೆ. ಈ ಸಲ ಕೈ ಬೀಸಿಕೊಂಡು ಬನ್ನಿ.