ಮಣ್ಣಿನ ಟೂರ್ನಿಗೆ ಹೆಸರು ಕೊಡು

ಧಾರವಾಡ
6 ಏಪ್ರಿಲ್ 2025

ಚಿ|| ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮ ಈ ಸಲದ ಮಾವಿನ ಉಪ್ಪಿನಕಾಯಿ ಹಾಕಿ ಮುಗಿಸಿದ್ದಾಳೆ, ಒಂದು ಭರಣಿ ನಿಮ್ಮ ಮನೆಗೆ ಅಂತ ತೆಗೆದಿಟ್ಟಿದ್ದಾಳೆ.

ಮೇ ತಿಂಗಳ ಮಣ್ಣಿನ ಅಂಕಣದ (ಕ್ಲೇ ಕೋರ್ಟ್) ಟೆನಿಸ್ ಟೂರ್ನಿಗೆ ಹೋಗುವುದಿಲ್ಲ ಅಂತ ನೀನು ಹಟ ಹಿಡಿದಿದ್ದೀಯಂತೆ. ನಿನ್ನಪ್ಪ ಹೇಳಿದ. ಆ ಇನ್ನೊಬ್ಬ ಹುಡುಗಿ ಎಲ್ಲ ಚೆಂಡನ್ನೂ ವಾಪಸ್ ಹಾಕುತ್ತಾಳೆ, ಅಲ್ಲಿ ಅವಳೇ ಗೆಲ್ಲುವುದು, ಸುಮ್ಮನೆ ಯಾಕೆ ಹೋಗಬೇಕು ಅಂದೆಯಂತೆ. ಜೊತೆಗೆ ಸಬಲೆಂಕಾಳನ್ನೇ ಸಾಕ್ಷಿಗೆ ಕರೆದಿದ್ದೀಯ: ‘ವಿಶ್ವದ ನಂಬರ್ ಒನ್ ಆದರೂ ಮಣ್ಣಿನಲ್ಲಿ ಶ್ವಾಂಟೆಕ್ ಮುಂದೆ ಅವಳ ಆಟ ನಡೆಯಲ್ಲ.’ ಇದನ್ನು ಫೋನಿನಲ್ಲಿ ಎತ್ತಿದರೆ ಜಗಳವಾಗುತ್ತದೆ, ಅದಕ್ಕೇ ಕಾಗದ.

ಅಂಕಿಅಂಶ ನೋಡಿದರೆ ನಿನ್ನ ಮಾತು ಸುಳ್ಳೇನಲ್ಲ. ಸಬಲೆಂಕಾ, ಪೋಲೆಂಡ್‌ನ ಶ್ವಾಂಟೆಕ್ ಇಬ್ಬರೂ ಮಣ್ಣಿನಲ್ಲಿ ಆರು ಸಲ ಎದುರಾಗಿದ್ದಾರೆ, ಅದರಲ್ಲಿ ಐದು ಶ್ವಾಂಟೆಕ್ ಪಾಲು. 2022 ಮತ್ತು 2023ರ ಸ್ಟಟ್‌ಗಾರ್ಟ್ ಫೈನಲ್, ರೋಮ್‌ನಲ್ಲಿ ಎರಡು ಸಲ, ಹೋದ ವರ್ಷದ ಮ್ಯಾಡ್ರಿಡ್ ಫೈನಲ್. ಮೇಲೆ ಪ್ಯಾರಿಸ್ಸಿನ ಮಣ್ಣಿನಲ್ಲಿ ನಡೆಯುವ ಫ್ರೆಂಚ್ ಓಪನ್: 2020, 2022, 2023, 2024, ಅವಳಿಗೆ ನಾಲ್ಕು ಕಿರೀಟ. ಹೀಗಿರುವಾಗ ಸಬಲೆಂಕಾ ಏಪ್ರಿಲ್ ಬಂದ ಕೂಡಲೇ ಭುಜ ನೋವು ಅಂತ ಹೇಳಿ ಮನೆಯಲ್ಲಿ ಕೂತು, ಹುಲ್ಲಿನ ಅಂಕಣದ ಹೊತ್ತಿಗೆ ಎದ್ದು ಬರಬಹುದಿತ್ತು.

ಆದರೆ ಅವಳು ಹೋಗುತ್ತಾಳೆ. ಪ್ರತಿ ವರ್ಷ ಹೋಗುತ್ತಾಳೆ. ಸ್ಟಟ್‌ಗಾರ್ಟ್‌ನಲ್ಲಿ 2021, 2022, 2023, ಸತತ ಮೂರು ಫೈನಲ್ ಆಡಿ ಮೂರೂ ಸೋತಳು. ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ನೀನಾಗಿದ್ದರೆ ಅನ್ನುತ್ತಿದ್ದೆಯೇನೋ. ಆದರೆ ಆ ಮೂರನೇ ಸೋಲಾಗಿ ಹೆಚ್ಚು ದಿನ ಕಳೆದಿರಲಿಲ್ಲ, ಮ್ಯಾಡ್ರಿಡ್ ಫೈನಲ್‌ನಲ್ಲಿ ಅದೇ ಶ್ವಾಂಟೆಕ್‌ಳನ್ನು 6-3, 3-6, 6-3ರಿಂದ ಸೋಲಿಸಿದಳು. ಮೇಲೆ ಹೇಳಿದ ಆರರಲ್ಲಿ ಸಬಲೆಂಕಾ ಗೆದ್ದ ಆ ಒಂದು ಅಂದರೆ ಇದೇ.

ಮ್ಯಾಡ್ರಿಡ್‌ನಲ್ಲೇ ಯಾಕೆ ಗೆದ್ದಳು ಅನ್ನುವುದನ್ನು ನೀನು ತಿಳಿದುಕೊಳ್ಳಬೇಕು, ಯಾಕೆಂದರೆ ಅದರಲ್ಲಿ ನಿನಗೂ ಪಾಠವಿದೆ. ಎಲ್ಲ ಮಣ್ಣೂ ಒಂದೇ ಅಲ್ಲ. ಪ್ಯಾರಿಸ್ಸಿನ ಕೆಂಪು ಅಂಕಣದಲ್ಲಿ ಮೇಲಿರುವುದು ಒಂದೆರಡು ಮಿಲಿಮೀಟರಿನಷ್ಟು ಇಟ್ಟಿಗೆ ಪುಡಿ. ಅದರಡಿ ಸುಣ್ಣಕಲ್ಲಿನ ಪದರ, ಇನ್ನೂ ಕೆಳಗೆ ಕಲ್ಲಿದ್ದಲ ಕಿಟ್ಟ, ಜಲ್ಲಿ. ಚೆಂಡು ಬಿದ್ದಾಗ ಆ ಪುಡಿ ಅದನ್ನು ಹಿಡಿದು ವೇಗ ತಗ್ಗಿಸುತ್ತದೆ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುತ್ತಾ ಬರುವುದು) ಇದ್ದರೆ ಭುಜದೆತ್ತರಕ್ಕೆ ಚಿಮ್ಮಿಸುತ್ತದೆ. ಶ್ವಾಂಟೆಕ್ ಫೋರ್‌ಹ್ಯಾಂಡಿಗೆ ಬೇಕಾದದ್ದೂ ಅದೇ. ಮಳೆ ಮೋಡವಿದ್ದ ದಿನ ಚೆಂಡು ಇನ್ನೂ ಭಾರ, ನೇರ ಹೊಡೆತಕ್ಕೆ ಬೆಲೆ ಇನ್ನೂ ಕಡಿಮೆ. ಮ್ಯಾಡ್ರಿಡ್ ಮಾತ್ರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಹಾರುತ್ತದೆ, ಜೋರಾದ ಸರ್ವ್ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಸಬಲೆಂಕಾಗೆ 2021ರಲ್ಲೂ ಅಲ್ಲಿ ಪ್ರಶಸ್ತಿ ಬಂದಿತ್ತು. ನಿಮ್ಮ ಬೆಂಗಳೂರು ಮ್ಯಾಡ್ರಿಡ್‌ಗಿಂತ ಎತ್ತರ, ಸುಮಾರು 900 ಮೀಟರ್. ಸ್ಪಿನ್ ಇಲ್ಲದ ನಿನ್ನ ನೇರ ಹೊಡೆತಗಳಿಗೆ ಇಷ್ಟು ದಿನ ಯಾರ ಸಹಾಯ ಇತ್ತು ಅಂತ ಒಮ್ಮೆ ಯೋಚಿಸು. ಬೇಜಾರು ಮಾಡಿಕೊಳ್ಳಬೇಡ, ಕೋಚ್ ಹೇಳದಿದ್ದನ್ನು ದೊಡ್ಡಪ್ಪ ಹೇಳಬೇಕಾಗುತ್ತದೆ.

ಹೋದ ವರ್ಷದ ಮ್ಯಾಡ್ರಿಡ್ ಫೈನಲ್ ನೀನು ನೋಡಿರಬೇಕು. 3 ಗಂಟೆ 11 ನಿಮಿಷ. ಸಬಲೆಂಕಾ ಕೈಯಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ (ಒಂದು ಗೆದ್ದರೂ ಕಪ್ ಅವಳದ್ದೇ) ಇದ್ದವು, ಮೂರೂ ಜಾರಿದವು, ಕೊನೆಗೆ ಟೈಬ್ರೇಕ್‌ನಲ್ಲಿ ಸೋಲು. ದಾಖಲೆಯಲ್ಲಿ ಅದು ಶ್ವಾಂಟೆಕ್‌ಗೆ ಸಿಕ್ಕ ಇನ್ನೊಂದು ಗೆಲುವು, ಅಷ್ಟೇ. ಅಂಕಣದಲ್ಲಿ ಇಬ್ಬರ ನಡುವೆ ಇದ್ದದ್ದು ಒಂದೆರಡು ಹೊಡೆತಗಳ ಅಂತರ. ಐದು-ಒಂದು ಅಂತ ಓದಿಕೊಂಡು ಭವಿಷ್ಯ ಹೇಳುವವರಿಗೆ ಇದು ಕಾಣುವುದಿಲ್ಲ.

ಈ ಸಲ ಹೇಗೆ ಅಂತ ಕೇಳುತ್ತೀಯ. ಶ್ವಾಂಟೆಕ್ ಹೋದ ಜೂನ್‌ನಲ್ಲಿ ಪ್ಯಾರಿಸ್ ಗೆದ್ದ ಮೇಲೆ ಇನ್ನೂ ಒಂದು ಪ್ರಶಸ್ತಿ ಎತ್ತಿಲ್ಲ. ಕೋಚ್ ಬದಲಾದರು. ದುಬೈನಲ್ಲೂ ಇಂಡಿಯನ್ ವೆಲ್ಸ್‌ನಲ್ಲೂ ಹದಿನೇಳರ ಹುಡುಗಿ ಮಿರಾ ಆಂದ್ರೀವಾ ಅವಳನ್ನು ಸೋಲಿಸಿದಳು, ಮಯಾಮಿಯಲ್ಲಿ ಫಿಲಿಪ್ಪೀನ್ಸ್‌ನ ಅಲೆಕ್ಸಾಂಡ್ರಾ ಇಯಾಲಾ. ಸಬಲೆಂಕಾ ಆಸ್ಟ್ರೇಲಿಯಾದಲ್ಲಿ ಮ್ಯಾಡಿಸನ್ ಕೀಸ್‌ಗೆ, ಇಂಡಿಯನ್ ವೆಲ್ಸ್‌ನಲ್ಲಿ ಆಂದ್ರೀವಾಗೆ ಫೈನಲ್ ಸೋತು, ಹೋದ ವಾರ ಮಯಾಮಿ ಗೆದ್ದು ಬರುತ್ತಿದ್ದಾಳೆ. ಹಾಗಂತ ಲಯದಲ್ಲಿ ಇರುವವರೇ ಗೆಲ್ಲುತ್ತಾರೆ ಅಂತಲ್ಲ. ಗಂಡಸರಲ್ಲಿ ನೋಡು, ಹೋದ ವರ್ಷ ಸ್ಪೇನ್‌ನ ಅಲ್ಕರಾಜ್ ಬಲಗೈ ನೋವಿನಿಂದ ಮಾಂಟೆ ಕಾರ್ಲೊ ಬಿಟ್ಟ, ಬಾರ್ಸಿಲೋನಾ ಬಿಟ್ಟ, ರೋಮ್ ಬಿಟ್ಟ, ನಡುವೆ ಆಡಿದ ಮ್ಯಾಡ್ರಿಡ್‌ನಲ್ಲೂ ಕ್ವಾರ್ಟರ್‌ಫೈನಲ್‌ನಲ್ಲೇ ಹೊರಬಿದ್ದ. ಆಮೇಲೆ ಪ್ಯಾರಿಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಸಿನ್ನರ್‌ನನ್ನೂ ಫೈನಲ್‌ನಲ್ಲಿ ಜ್ವೆರೆವ್‌ನನ್ನೂ ಐದೈದು ಸೆಟ್ ಆಡಿ ಸೋಲಿಸಿ ಕಪ್ ಎತ್ತಿದ. ಈಗ ಅದೇ ಸಿನ್ನರ್ ಡೋಪಿಂಗ್ ಪ್ರಕರಣದ ಮೂರು ತಿಂಗಳ ಅಮಾನತು ಮುಗಿಸಿ ಮೇ ತಿಂಗಳಲ್ಲಿ ರೋಮ್‌ಗೆ ಬರುತ್ತಾನೆ. ಪಂದ್ಯವೇ ಆಡದೆ ಬರುವ ಪುರುಷರ ನಂಬರ್ ಒನ್ ಹೇಗೆ ಆಡುತ್ತಾನೆ ಅಂತ ಈಗಲೇ ಹೇಳುವವರನ್ನು ನಾನು ನಂಬುವುದಿಲ್ಲ.

ನನ್ನ ಲೆಕ್ಕ ಬೇಕೇ ಬೇಕು ಅಂದರೆ: ಮ್ಯಾಡ್ರಿಡ್ ಸಬಲೆಂಕಾಗೆ. ಪ್ಯಾರಿಸ್‌ನಲ್ಲಿ ಶ್ವಾಂಟೆಕ್ ಒಂದು ಕೂದಲಷ್ಟು ಮುಂದೆ, ಆದರೆ ಹಿಂದಿನ ವರ್ಷಗಳ ಹಾಗೆ ಕಣ್ಣು ಮುಚ್ಚಿ ಅವಳ ಹೆಸರು ಬರೆಯಲಾರೆ. ಆಂದ್ರೀವಾ, ಕೋಕೊ ಗಾಫ್ ಇಬ್ಬರೂ ಪಕ್ಕದಲ್ಲೇ ಇದ್ದಾರೆ. ನಾನು ಹೇಳಿದ ಹಾಗೇ ಆಗುತ್ತದೆ ಅಂತ ಗೆಳತಿಯರ ಹತ್ತಿರ ಪಣ ಕಟ್ಟಬೇಡ.

ಈಗ ನಿನ್ನ ವಿಷಯ. ನಿನ್ನಂತೆಯೇ ಎತ್ತರ, ನಿನ್ನಂತೆಯೇ ನೇರ ಹೊಡೆತ ಇದ್ದ ಮರಿಯಾ ಶರಪೋವಾ 2007ರಲ್ಲಿ ಪ್ಯಾರಿಸ್‌ನಲ್ಲಿ ತನ್ನನ್ನೇ ಮಂಜುಗಡ್ಡೆಯ ಮೇಲೆ ನಿಂತ ಹಸುವಿಗೆ ಹೋಲಿಸಿಕೊಂಡಿದ್ದಳು. ಅಷ್ಟು ಹೊತ್ತಿಗೆ ವಿಂಬಲ್ಡನ್, ಅಮೆರಿಕ ಓಪನ್ ಎರಡೂ ಅವಳ ಮನೆಯಲ್ಲಿದ್ದವು, ಮಣ್ಣಿನ ಗೊಡವೆ ಬೇಡ ಅಂದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಮಧ್ಯೆ ಭುಜದ ಶಸ್ತ್ರಚಿಕಿತ್ಸೆ ಬೇರೆ. ಆದರೂ ಜಾರುವುದನ್ನು ಕಲಿತಳು, ಒಂದು ಪಾಯಿಂಟಿಗೆ ನಾಲ್ಕು ಹೊಡೆತ ಹೆಚ್ಚು ಹೊಡೆಯಲು ಕಲಿತಳು. 2012ರಲ್ಲಿ ಗೆದ್ದಳು, 2014ರಲ್ಲಿ ಮತ್ತೆ ಗೆದ್ದಳು. ಕೊನೆಗೆ ಅವಳ ಐದು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಎರಡು ಮಣ್ಣಿನದ್ದೇ.

ಫೆಡರರ್ ಕಥೆ ನಿನ್ನಪ್ಪನ ಬಾಯಲ್ಲಿ ಸಾಕಷ್ಟು ಕೇಳಿದ್ದೀಯ, ಚುಟುಕಾಗಿ ಹೇಳುತ್ತೇನೆ. 2006, 2007, 2008, ಮೂರು ವರ್ಷ ಪ್ಯಾರಿಸ್ ಫೈನಲ್‌ನಲ್ಲಿ ನಡಾಲ್ ಕೈಯಲ್ಲಿ ಸೋಲು. ಮೂರನೆಯದಂತೂ 6-1, 6-3, 6-0. 2009ರಲ್ಲಿ ನಾಲ್ಕನೇ ಸುತ್ತಿನಲ್ಲಿ ಸೋಡರ್ಲಿಂಗ್ ಬಂದು ನಡಾಲ್‌ನನ್ನು ಸೋಲಿಸಿಬಿಟ್ಟ. ಆ ವರ್ಷ ಕಪ್ ಫೆಡರರ್‌ಗೆ ಸಿಕ್ಕಿತು. ಅದೃಷ್ಟ ಅನ್ನುವವರು ಅನ್ನಲಿ. ಹೆಸರು ಕೊಡದೆ ಮನೆಯಲ್ಲಿ ಕೂತಿದ್ದರೆ ಆ ಅದೃಷ್ಟ ಬೇರೆ ಯಾರದ್ದೋ ಆಗುತ್ತಿತ್ತು. ನಿನ್ನ ಎದುರಾಳಿ ಹುಡುಗಿ ನಿನ್ನ ಕೈಯಲ್ಲೇ ಸೋಲಬೇಕು ಅಂತೇನಿಲ್ಲ, ಡ್ರಾದಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ.

ನಮ್ಮ ಕೊಡಗಿನ ರೋಹನ್ ಬೋಪಣ್ಣನನ್ನೇ ನೋಡು. ಅವನ ದೊಡ್ಡ ಅಸ್ತ್ರ ಸರ್ವ್. ಅಂಥವನಿಗೆ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಸಿಕ್ಕಿದ್ದು ಹುಲ್ಲಿನ ಮೇಲಲ್ಲ, 2017ರಲ್ಲಿ ಪ್ಯಾರಿಸ್ಸಿನ ಮಣ್ಣಿನ ಮೇಲೆ, ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್‌ನಲ್ಲಿ. ಅದೂ ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು.

ಹೋಗುವುದಾದರೆ ಈಗಿನಿಂದಲೇ ಎರಡು ಕೆಲಸ ಮಾಡು. ಮಣ್ಣಿನ ಅಂಕಣದ ಶೂ ಬೇರೆ, ಅಡಿಭಾಗದಲ್ಲಿ ಹೆರಿಂಗ್‌ಬೋನ್ (ಮೀನಿನ ಮುಳ್ಳಿನಂಥ) ಗೆರೆ ಇರುತ್ತದೆ. ಹಾರ್ಡ್‌ಕೋರ್ಟ್ ಶೂನಲ್ಲಿ ಇಳಿದು ಕಾಲು ಉಳುಕಿಸಿಕೊಳ್ಳಬೇಡ. ಜಾರುತ್ತಾ ಹೋಗಿ ಹೊಡೆಯಬೇಕು, ಹೊಡೆದ ಮೇಲೆ ಜಾರಿದರೆ ಮುಂದಿನ ಚೆಂಡಿಗೆ ತಡ. ಇದಕ್ಕೆ ಅಭ್ಯಾಸವೇ ದಾರಿ. ಇನ್ನೊಂದು, ರಿಟರ್ನ್‌ಗೆ ಬೇಸ್‌ಲೈನ್‌ನಿಂದ ಎರಡು ಹೆಜ್ಜೆ ಹಿಂದೆ ನಿಲ್ಲು, ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್‌ಶಾಟ್ ಕಲಿ. ಎಲ್ಲವನ್ನೂ ವಾಪಸ್ ಹಾಕುವ ಹುಡುಗಿಯರು ಹಿಂದೆಯೇ ನಿಂತಿರುತ್ತಾರೆ, ಅವರನ್ನು ಮುಂದಕ್ಕೆ ಎಳೆದರೆ ಅರ್ಧ ಆಟ ನಿನ್ನದು.

ಸೋತರೆ ಸೋಲು. ಮೊದಲ ಸುತ್ತಿನಲ್ಲೇ ಸೋತರೂ ಪ್ಯಾರಿಸ್ ಶುರುವಾಗುವ ಮೇ 25ನೇ ತಾರೀಖಿಗೆ ಧಾರವಾಡಕ್ಕೆ ಬಾ, ಒಟ್ಟಿಗೆ ಕೂತು ನೋಡೋಣ. ಹೆಸರು ಕೊಡಲು ಕೊನೆಯ ದಿನ ಯಾವತ್ತು ಅಂತ ನಿನ್ನಪ್ಪನನ್ನು ಕೇಳು, ಇವತ್ತೇ ಕೇಳು. ಶೂ ದುಡ್ಡು ನಾನು ಕಳಿಸುತ್ತೇನೆ, ಸೈಜು ಮಾತ್ರ ಸರಿಯಾಗಿ ಬರೆ.

ಇಂತಿ ನಿನ್ನ
ದೊಡ್ಡಪ್ಪ