ಕೋಚನಹಳ್ಳಿಯಲ್ಲಿ ರೆಸಿನ್ ಪಟ್ಟಿ ಸುಟ್ಟು ಪರೀಕ್ಷಿಸಲು ಒಂದು ಕೋಣೆ ಕೊಡಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಕಾಯಿಲ್‌ಗಳಿಗೆ ಎಪಾಕ್ಸಿ ಎಂಬ, ಆಮೇಲೆ ಗಟ್ಟಿಯಾಗುವ ರೆಸಿನ್ ಹೊಯ್ಯುವ ಕೆಲಸ ನನ್ನದು. ಕಳೆದ ವರ್ಷ ಗಿರಾಕಿಯೊಬ್ಬರು ಇಡೀ ಲಾಟ್ ವಾಪಸ್ ಕಳಿಸಿದರು. ಕಾಯಿಲ್ ಚೆನ್ನಾಗಿಯೇ ಇತ್ತು. ರೆಸಿನ್‌ಗೆ ವಿ-ಝೀರೋ, ಅಂದರೆ ಬೆಂಕಿ ತಾಗಿದರೂ ಬೇಗ ಆರುತ್ತದೆ ಎಂಬ ದರ್ಜೆ, ಇರಲಿಲ್ಲ.

ಆ ದರ್ಜೆ ಕೊಡುವ ಯುಎಲ್ 94 ಎಂಬ ಪರೀಕ್ಷೆ ನೋಡಲು ಸರಳ. 125 ಮಿಮೀ ಉದ್ದದ ರೆಸಿನ್ ಪಟ್ಟಿಯನ್ನು ನೆಟ್ಟಗೆ ತೂಗುಬಿಟ್ಟು ಕೆಳಗಿನಿಂದ 10 ಸೆಕೆಂಡು ಬೆಂಕಿ ಹಿಡಿಯುತ್ತಾರೆ. ಬೆಂಕಿ ತೆಗೆದ 10 ಸೆಕೆಂಡಿನೊಳಗೆ ಪಟ್ಟಿ ಆರಬೇಕು. ಎರಡನೇ ಸಲ ಹಿಡಿದಾಗಲೂ ಅಷ್ಟೇ. ಉರಿಯುವ ಹನಿ ಬಿದ್ದು ಕೆಳಗಿನ ಹತ್ತಿ ಹೊತ್ತಬಾರದು. ಸಾದಾ ಎಪಾಕ್ಸಿಯಂತೂ ಕಪ್ಪು ಮಸಿ ಕಾರುತ್ತಾ ಕ್ಲಿಪ್ಪಿನವರೆಗೂ ಉರಿಯುತ್ತದೆ.

ಇದಕ್ಕೆ ಹಳೆಯ ಮದ್ದು ಬ್ರೋಮಿನ್. ಸರ್ಕ್ಯೂಟ್ ಬೋರ್ಡುಗಳಲ್ಲಿ ಇಂದಿಗೂ ಹೆಚ್ಚಾಗಿ ಅದೇ. ಆದರೆ ತಾಮ್ರದಾಸೆಗೆ ಗುಜರಿ ಬೋರ್ಡುಗಳನ್ನು ಬಯಲಲ್ಲಿ ಸುಟ್ಟಾಗ ಏಳುವ ವಿಷದ ಹೊಗೆ ಕುಡಿಯುವವರು ಬಡವರೇ. ಹಾಗಾಗಿ ನಾನು ರಂಜಕದ ದಾರಿ ಹಿಡಿದೆ. ಡೋಪೋ ಎಂಬ ರಂಜಕದ ಸಂಯುಕ್ತ ಎಪಾಕ್ಸಿಯ ಸರಪಳಿಗೇ ಬೆಸೆದುಕೊಳ್ಳುವುದರಿಂದ ಸೋರಿ ಹೋಗುವುದಿಲ್ಲ. ಶಾಖ ತಾಗಿದಾಗ ರಂಜಕದ ಒಂದು ಪಾಲು ಜ್ವಾಲೆಯೊಳಗೇ ಹೋಗಿ ಉರಿ ಬೆಳೆಸುವ ಕಣಗಳನ್ನು ಹಿಡಿದುಹಾಕುತ್ತದೆ, ಉಳಿದದ್ದು ಆಮ್ಲವಾಗಿ ಮೇಲೊಂದು ಇದ್ದಿಲ ಪೊರೆ ಕಟ್ಟುತ್ತದೆ. ತೂಕದಲ್ಲಿ ಶೇ 2-3ರಷ್ಟು ರಂಜಕವೇ ಸಾಕಾಗುವುದುಂಟು.

ನಮ್ಮ ಪಟ್ಟಿ ನಾಲ್ಕನೇ ಸೆಕೆಂಡಿಗೇ ಆರಿತು, ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಉಬ್ಬಿಕೊಂಡು. ಹುಡುಗರು ಚಪ್ಪಾಳೆ ಹೊಡೆದರು. ಮರುದಿನ ಅದೇ ರೆಸಿನ್ ಹೊಯ್ದ ಕಾಯಿಲನ್ನು ಓವನ್‌ಗಿಟ್ಟರೆ ಮೆತ್ತಗಾಗಿತ್ತು! ಡೋಪೋ ಎಪಾಕ್ಸಿಯ ಕೊಂಡಿಗಳನ್ನೇ ತಿನ್ನುತ್ತದೆ, ಹೆಣಿಗೆ ಸಡಿಲವಾಗುತ್ತದೆ. ಹೆಚ್ಚು ಕೊಂಡಿಗಳಿರುವ ನೊವೊಲಾಕ್ ಎಪಾಕ್ಸಿ ಬೆರೆಸಿ ಈಗ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದೇವೆ. ಪ್ರತಿ ಪಾಕಕ್ಕೂ ಪರೀಕ್ಷೆಯ ಫೀಸು ಕಟ್ಟಬೇಕು. ನನ್ನಂಥವರ ಜೇಬು ಖಾಲಿಯಾಗುವುದು ಅಲ್ಲೇ.

ಕೋಚನಹಳ್ಳಿಗೆ ಪಿಸಿಬಿ (ಸರ್ಕ್ಯೂಟ್ ಬೋರ್ಡು) ಕ್ಲಸ್ಟರ್ ಬರಲಿದೆ ಎನ್ನುತ್ತೀರಿ, ಸಂತೋಷ. ಬೋರ್ಡು ಇಲ್ಲಿ, ಅದಕ್ಕೆ ಬೇಕಾದ ರೆಸಿನ್ ಮಾತ್ರ ಹೊರಗಿನದ್ದು ಎಂದಾಗಬಾರದು. ಅಲ್ಲಿ ಒಂದು ಪರೀಕ್ಷಾ ಕೋಣೆ, ರೆಸಿನ್ ತಯಾರಿಸುವ ಐವತ್ತು ಲೀಟರಿನ ಒಂದು ರಿಯಾಕ್ಟರ್ ಪಾತ್ರೆ ಸಣ್ಣ ಘಟಕಗಳಿಗೆ ಕಡಿಮೆ ದರದಲ್ಲಿ ಸಿಗಲಿ. ನಡೆಸಲು ಜನ ಎಲ್ಲಿಂದ ಎಂದು ಅಧಿಕಾರಿಗಳು ಕೇಳಬಹುದು. ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್ ನಮ್ಮ ಊರಲ್ಲೇ ಇದೆ, ಪಾಲಿಮರ್ ಓದಿದ ಮಕ್ಕಳೂ ಇಲ್ಲೇ ಇದ್ದಾರೆ.

ಹೆಬ್ಬಾಳದ ಕಡೆ ಬಂದಾಗ ಶೆಡ್ಡಿಗೊಮ್ಮೆ ಬನ್ನಿ. ಸುಟ್ಟ ಪಟ್ಟಿಗಳನ್ನೆಲ್ಲ ತಾರೀಖು ಬರೆದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಇಂತಿ,
ಹೆಬ್ಬಾಳದ ಸಣ್ಣ ಉದ್ಯಮಿಯೊಬ್ಬಳು